ಬೇಲಿಯ ಮುದ್ರೆ ಗಿಡ

ಎರಡೂ ಕಣ್ಣಿಗೆ ಪೊರೆ ಬಂದ ಮೇಲೂ ನಮ್ಮತ್ತೆ ಹಾಲು ಕರೆಯುವುದನ್ನು ಬಿಡಲಿಲ್ಲ. ಗಡಿಯಾರ ಕಾಣದು. ಹಿತ್ತಿಲ ಕಡೆ ಕಿವಿಯಿಟ್ಟು ಕೂತಿದ್ದು, "ಬೇಲೀಲಿ ಅಳದಿ ಹೂ ಬುಟ್ಟವೆ, ಜೇನು ಬಂದವೆ. ಆಲು ಕರೆಯೋ ಒತ್ತಾಯ್ತು" ಎಂದು ಚೆಂಬು ಹಿಡಿದು ಏಳುವರಂತೆ.

ನಾನು ಶ್ರೀರಂಗಪಟ್ಟಣದ ಹೊಳೆ ದಂಡೆಯವಳು. ನಾಗಮಂಗಲದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ. ಬೆಳಿಗ್ಗೆ ಕೆ.ಆರ್. ಪೇಟೆಯ ಆಫೀಸಿಗೆ ಬಸ್ಸು ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಭಾನುವಾರ ಮಧ್ಯಾಹ್ನವೆಲ್ಲ ನಿದ್ದೆ. ಆ ಬೇಲಿಯಲ್ಲಿ ನಾನು ಹೂ ಕಂಡವಳೇ ಅಲ್ಲ.

"ಅವ್ವಂಗೆ ಅರುಳು ಮರುಳು ಕಣೆ. ಇಲ್ದಿರೋ ಹೂವ ಕಾಣ್ತಾಳೆ. ಹಸು ಒದ್ರೆ ಏನು ಗತಿ? ಮಾರ್ಬುಡಾನ" ಎಂದರು ನಮ್ಮ ಯಜಮಾನರು. ಅತ್ತೆ ನನ್ನ ಕಡೆ ತಿರುಗಿ, "ನೀನೇ ನೋಡ್ಬುಟ್ಟು ಯೋಳವ್ವ" ಎಂದರು. ಹಸು ಹೋದರೆ ಅವರ ಕೈಗೆ ಇನ್ನಾವ ಕೆಲಸವೂ ಉಳಿಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದೆ. ಬರೀ ಎಲೆ, ಚಕ್ರದಂಥ ಕಾಯಿ. ಫೋನಿಗೆ ತೋರಿಸಿದರೆ ಅದು ನಾಲ್ಕು ಹೆಸರು ಹೇಳಿತು. "ಹೂವೂ ಇಲ್ಲ, ಏನೂ ಇಲ್ಲ" ಎಂದುಬಿಟ್ಟೆ. ನಾನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಬುಧವಾರ ಪಾಂಡವಪುರದ ಕಡೆಯವರು ಬಂದು ಹಸು ಹೊಡೆದುಕೊಂಡು ಹೋಗುವುದೆಂದಾಯಿತು.

ಮಂಗಳವಾರ ತಲೆನೋವೆಂದು ಅರ್ಧ ದಿನ ರಜೆ ಹಾಕಿದೆ. ಬಸ್ಸಿನುದ್ದಕ್ಕೂ ತೂಕಡಿಕೆ. ಇಳಿದ ಮೇಲೂ ರಾಗಿ ಹೊಲ, ತೆಂಗಿನ ನೆರಳು ಎಲ್ಲ ನಿದ್ದೆಯೊಳಗೇ ಇದ್ದಂತಿತ್ತು. ಹಿತ್ತಿಲಿಗೆ ತಿರುಗಿದೆ. ಬೇಲಿಯುದ್ದಕ್ಕೂ ಹಳದಿ. ಐದೆಸಳಿನ ಪುಟ್ಟ ಹೂ, ವೀಳ್ಯದೆಲೆಯ ಆಕಾರದ ಎಲೆ, ಮುಟ್ಟಿದರೆ ಮಖಮಲ್ಲು. ಮೈಗೆಲ್ಲ ಹಳದಿ ಪುಡಿ ಮೆತ್ತಿಕೊಂಡ ಜೇನುಗಳು ಒಂದರಿಂದ ಇನ್ನೊಂದಕ್ಕೆ ತೇಲುತ್ತಿದ್ದವು. ಆ ಗುಂಯ್ ಸದ್ದಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ತಲೆನೋವು ಎಲ್ಲಿ ಹೋಯಿತೋ.

ಕೊಟ್ಟಿಗೆಯಿಂದ ಚೆಂಬಿನ ಸದ್ದು ಕೇಳಿದಾಗ ಎಚ್ಚರವಾಯಿತು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಇಳಿಹೊತ್ತಿಗೆ ಅರಳುವ ಹೂವನ್ನು ಬೆಳಿಗ್ಗೆ ಹುಡುಕಿ ಸಾಕ್ಷಿ ಹೇಳಿದ್ದೆ ನಾನು. ತೋಟದಲ್ಲಿದ್ದ ಯಜಮಾನರಿಗೆ ಫೋನು ಮಾಡಿ, "ಮೊದಲು ಬಂದು ಬೇಲಿ ನೋಡಿ, ಆಮೇಲೆ ಹಸು ಮಾರಿ" ಎಂದೆ. ಬಂದರು, ನೋಡಿದರು, ತಲೆ ಕೆರೆದುಕೊಂಡು ಪಾಂಡವಪುರದವರಿಗೆ ಬರಬೇಡಿ ಎಂದು ಹೇಳಿದರು.

ಒಂದು ಹೂ ಕಿತ್ತು ಅತ್ತೆಯ ಅಂಗೈಗಿಟ್ಟೆ. "ನಂದೇ ತಪ್ಪು ಕಣತ್ತೆ. ಏನಿದರ ಹೆಸರು?"

"ಮುದ್ರೆ ಗಿಡ. ಚಿಕ್ಕೋರಿದ್ದಾಗ ಇದ್ರ ಕಾಯ ಕೈಗೊತ್ತಿ ಅಚ್ಚು ಆಕ್ಕೊತಿದ್ದೊ" ಎಂದು ಬೆರಳಿನಿಂದ ಎಸಳು ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು, "ನಂಗೆ ತೋರ್ಸಕೆ ಯಾಕವ್ವ ಕಿತ್ತೆ? ಜೇನಿಗಾದ್ರೂ ಆಯ್ತಿತ್ತು. ನಂಗೆ ಗೊತ್ತಿತ್ತಲ್ಲ."