ಶೋಭಿತಾಳ ಬೋರ್ಡು

ಶೋಭಿತಾಳ ಆಫೀಸು ಇದ್ದದ್ದು ಅವಳ ಸ್ಕೂಟರಿನ ಡಿಕ್ಕಿಯಲ್ಲಿ. ನಕ್ಷೆ, ಟೇಪು, ಊಟದ ಡಬ್ಬಿ, ಎಲ್ಲದರ ಅಡಿಯಲ್ಲಿ ಹಳೇ ದುಪಟ್ಟಾ ಸುತ್ತಿಟ್ಟ ಹಿತ್ತಾಳೆಯ ಬೋರ್ಡು: ಶೋಭಿತಾ ಸಿ., ಸಿವಿಲ್ ಎಂಜಿನಿಯರ್. ಹಳ್ಳಿಮೈಸೂರಿನ ಗಾರೆ ಕೆಲಸದ ಚಿಕ್ಕಯ್ಯನ ಮಗಳು ಅವಳು. ಅಪ್ಪ ಎಷ್ಟೋ ಮನೆ ಕಟ್ಟಿದ, ಗೃಹಪ್ರವೇಶದ ಊಟಕ್ಕೆ ಹಿತ್ತಿಲಲ್ಲಿ ಕೂತೆದ್ದು ಬಂದ. ಮಗಳಿಗೆ ಬೇಕಿದ್ದದ್ದು ಒಂದೇ. ಹಾಸನದಲ್ಲಿ ಒಂದು ಬಾಗಿಲು, ಅದರ ಮೇಲೆ ತನ್ನ ಹೆಸರು.

ಆ ಬಾಗಿಲು ಕೊಡುತ್ತೇನೆಂದವರು ತಿರುನಾರಾಯಣ ಮೇಷ್ಟ್ರು. ಜೀವಮಾನವೆಲ್ಲ ಕಾಲೇಜಿನಲ್ಲಿ ಸಮಾಜಶಾಸ್ತ್ರ ಬೋಧಿಸಿ, ಸಮಾನತೆಯ ಮೇಲೆ ಟಿಪ್ಪಣಿ ಬರೆಸಿ ಬರೆಸಿ ನಿವೃತ್ತರಾದ ಮಹಾನುಭಾವರು. ಹಳೇ ಪೇಟೆಬೀದಿಯ ತಮ್ಮ ತೊಟ್ಟಿಮನೆಯ ಕೆಳಗೆಲ್ಲ ಆಫೀಸು, ಮೇಲೆಲ್ಲ ಬಾಡಿಗೆ ಕೋಣೆ ಮಾಡಬೇಕೆಂಬ ಹುಚ್ಚು ಅವರ ತಲೆಗೆ ಹೊಕ್ಕಿತ್ತು.

"ಬೂವನಹಳ್ಳಿ ಏರ್‌ಪೋರ್ಟಲ್ಲಿ ವಿಮಾನ ಇಳಿಯೋದೇ ತಡ, ಕಂಪನಿಯೋರು ಲ್ಯಾಪ್‌ಟಾಪ್ ಹಿಡ್ಕೊಂಡು ನೇರ ನಮ್ಮ ಜಗಲಿಗೇ ಬರ್ತಾರೆ, ನೋಡ್ತಿರು," ಎನ್ನುತ್ತಿದ್ದರು. ವಿಮಾನದವರಿಗೆ ಬೇರೆ ಕೆಲಸವೇ ಇಲ್ಲ ಪಾಪ!

ಕಡಿಮೆಗೆ ಸಿಕ್ಕಳೆಂದು ಶೋಭಿತಾಳನ್ನು ಹಿಡಿದರು. ಮುಗಿದ ಮೇಲೆ ಮಹಡಿಯ ಮುಂದಿನ ಕೋಣೆ ನಿನಗೇ ಬಾಡಿಗೆಗೆ ಎಂದರು. ಅವಳು ಬೇಸಿಗೆಯಿಡೀ ಧೂಳು ತಿಂದಳು. ತೊಟ್ಟಿಯ ಮೇಲೆ ಗಾಜಿನ ಚಾವಣಿ ಕೂರಿಸಿ ಹೊಗೆ ಎಳೆಯುವ ಫ್ಯಾನು, ಬೆಂಕಿಯ ಅಲಾರಮ್ಮು ಹಾಕಿಸಿದಳು, ಮರದ ಕಂಬಗಳ ಹುಳುಕು ತೆಗೆಸಿದಳು. ಅಜ್ಜಿ ರುಬ್ಬಿ ಸವೆಸಿದ ಒರಳಿನೊಳಗೆ ಪ್ಲಾಸ್ಟಿಕ್ ಬಿದಿರು ನೆಡಿಸಿದ್ದು ಮಾತ್ರ ಮೇಷ್ಟ್ರ ಸ್ವಂತ ಪ್ರತಿಭೆ. ಆ ದಿನಗಳಲ್ಲಿ ಅವಳು ಅಡುಗೆಮನೆ, ದೇವರಮನೆ ಎನ್ನದೆ ಬೂಟು ಹಾಕಿಕೊಂಡೇ ಓಡಾಡಿದಳು. ಮೇಷ್ಟ್ರ ಹೆಂಡತಿ ಶ್ರೀರಂಗಮ್ಮ ಕಾಫಿ ತಂದು ಕೈಗೇ ಕೊಟ್ಟರು. ಗೋಡೆ ಒಡೆಯುವಾಗ ಯಾರ ಕುಲ ಯಾರಿಗೆ ಬೇಕು?

ಬಣ್ಣ ಮುಗಿಯಿತು. ಶೋಭಿತಾ ಮಹಡಿಯ ಕೋಣೆಯ ಬಾಗಿಲಿಗೆ ಟೇಪು ಹಿಡಿದು ಬೋರ್ಡಿಗೆ ಜಾಗ ಗುರುತು ಮಾಡುತ್ತಿದ್ದಳು. ಮೇಷ್ಟ್ರು ಹಿಂದಿನಿಂದ ಬಂದು ಕೆಮ್ಮಿದರು.

"ಅಲ್ಲಮ್ಮಾ, ಕೇಳೋದೇ ಮರ್ತಿದ್ದೆ. ನಿಮ್ಮ ಮನೆದೇವ್ರು ಯಾವ್ದು?"

ಆಹಾ, ಏನು ನಯ! ಜಾತಿ ಕೇಳಿದರೆ ಅಸಭ್ಯರಾಗುತ್ತಾರೆ, ಅದಕ್ಕೇ ಮನೆ ಬಾಡಿಗೆಗೆ ಕೊಡುವವರು ದೇವರನ್ನು ಕೇಳುತ್ತಾರೆ. ದೇವರ ಹೆಸರು ಸಿಕ್ಕರೆ ಉಳಿದದ್ದೆಲ್ಲ ಸಿಕ್ಕಂತೆ. ಶೋಭಿತಾಳಿಗೆ ಅದು ಗೊತ್ತಿಲ್ಲದ್ದೇನಲ್ಲ.

"ಬುದ್ಧ, ಸಾ," ಎಂದಳು.

"ಓ... ಬುದ್ಧ. ಸಂತೋಷ, ಬಹಳ ಸಂತೋಷ. ದೊಡ್ಡ ತತ್ವಜ್ಞಾನಿ," ಎಂದು ಮೇಷ್ಟ್ರು ಮೆಟ್ಟಿಲಿಳಿದು ಹೋದರು.

ಮಾರನೆಯ ದಿನಕ್ಕೆ ಆ ಕೋಣೆ ಅವರ ಅಣ್ಣನ ಮಗ ಜಯಂತನದಾಗಿಬಿಟ್ಟಿತ್ತು. "ಬೇಜಾರ್ ಮಾಡ್ಕೋಬೇಡ, ನೀನು ನಮ್ಮನೆ ಹುಡುಗಿ ಇದ್ದ ಹಾಗೆ," ಎಂದರು ಮೇಷ್ಟ್ರು. "ಶುಕ್ರವಾರ ಪುಣ್ಯಾಹ, ಹೋಮ ಇಟ್ಕೊಂಡಿದೀವಿ. ಕೆಲಸದೋರೆಲ್ಲ ಓಡಾಡಿದಾರಲ್ಲ, ಶುದ್ಧಿ ಆಗ್ಬೇಕು. ನೀನು ಸಂಜೆ ಮೇಲೆ ಬಾ, ತಾಂಬೂಲ ತಗೊಂಡ್ ಹೋಗು."

ಮನೆಯ ಹುಡುಗಿಯಂತೆ! ಶೋಭಿತಾಳ ಮೈಯೆಲ್ಲ ಉರಿಯಿತು. ಊರಿಗೆ ಹೋಗಿ ಹೇಳಿದರೆ ತಾಯಿ ಮಾದಮ್ಮ ಸೊಪ್ಪು ಸೋಸುತ್ತಿದ್ದವಳು ಮೊರವನ್ನೇ ಕುಕ್ಕಿದಳು.

"ನೀ ಮೆಟ್ಟಿದ್ ನೆಲಾವ ತೊಳೀತಾರಂತಾ? ಅಂಗಾರೆ ನೀ ಕಟ್ಸಿದ್ ಗ್ವಾಡೆನೂ ಕೆಡವ್ಕಳ್ಳಿ ಅನ್ನು! ತಾಂಬೂಲುಕ್ಕೆ ಓಗೀಯ, ಉಸಾರು!"

ಅವಳು ಹೋಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದವಳು ಮೇಷ್ಟ್ರ ಎದುರುಮನೆಯ ಹಿಟ್ಟಿನ ಗಿರಣಿಯ ಅನಸೂಯಮ್ಮ. ಹೇಳುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾಜು ಮುಚ್ಚಿದ ತೊಟ್ಟಿಯ ಕೆಳಗೇ ಹೋಮಕುಂಡ ಇಟ್ಟು, ತುಪ್ಪ ಸುರಿದೇ ಸುರಿದರಂತೆ. ಹೊಗೆ ಹೋಗಲು ದಾರಿಯಿಲ್ಲ. ಬೆಂಕಿಯ ಅಲಾರಮ್ಮು ಪುರೋಹಿತರ ಮಂತ್ರಕ್ಕಿಂತ ಜೋರಾಗಿ ಬಡಿದುಕೊಂಡಿತು. ಹೊಗೆ ಎಳೆಯುವ ಫ್ಯಾನಿನ ಸ್ವಿಚ್ಚು ಯಾವುದೆಂದು ಕೇಳೋಣವೆಂದರೆ, ಶುದ್ಧಿಯ ಹೊತ್ತಿನಲ್ಲಿ ಶೋಭಿತಾಳನ್ನು ಕರೆಯುವುದು ಹೇಗೆ? ಜಯಂತ ಹಾರೆ ಹಿಡಿದು ಮಾಡು ಹತ್ತಿದ, ಗಾಜಿನ ಒಂದು ಹಲಗೆಯನ್ನೇ ಮೀಟಿ ತೆಗೆದ. ಸಂಜೆ ಅದನ್ನೇ ಮತ್ತೆ ಮೇಲೆ ಕೂರಿಸಿ ಸುತ್ತ ಟೇಪು ಅಂಟಿಸಿದ. ಮನೆ ಪರಿಶುದ್ಧವಾಯಿತು.

"ನೀ ಇಲ್ಲೇ ಕುಂತ್ಕೊ ಬಾರವ್ವಾ," ಎಂದಳು ಅನಸೂಯಮ್ಮ. "ಮುಂದ್ಗಡೆ ಕ್ವಾಣೆ ಸುಮ್ನೆ ಬಿದ್ದದೆ. ನನ್ ಮಿಶಿನ್ನು ಯಾರ್ ಮನೆದೇವ್ರುನ್ನೂ ಕೇಳಾಕಿಲ್ಲ."

ಎಷ್ಟೋ ಕಾಲದ ಹಿಟ್ಟು ಗೋಡೆಗೆ ಗಟ್ಟಿಯಾಗಿ ಕೂತಿತ್ತು. ಶೋಭಿತಾ ಅದನ್ನು ಕೆರೆಸಿ ಸುಣ್ಣ ಹೊಡೆಸಿದಳು, ಬೀದಿಯ ಕಡೆ ಗೋಡೆ ಒಡೆಸಿ ಕಿಟಕಿ ಇಡಿಸಿದಳು. ಚಿಕ್ಕಯ್ಯ ಹಳ್ಳಿಮೈಸೂರಿನಿಂದ ಬಸ್ಸಿನಲ್ಲಿ ಬಂದು ಬಾಗಿಲ ಮೇಲೆ ತಾನೇ ಮೊಳೆ ಹೊಡೆದು ಬೋರ್ಡು ತೂಗುಹಾಕಿದ. ಕೆಳಗಿಳಿದು ದೂರ ನಿಂತು ನೋಡಿದ, ಮತ್ತೆ ಹತ್ತಿ ಅಂಗಿಯ ತೋಳಲ್ಲಿ ಅದನ್ನು ಒರೆಸಿದ. ಮೇಷ್ಟ್ರು ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಕಾಣುವುದು ಅದೇ.

ಒಂದು ಮಧ್ಯಾಹ್ನ ಮಳೆ ಹಿಡಿಯಿತು, ಸುಮ್ಮನೆ ಹಿಡಿದದ್ದಲ್ಲ. ಎದುರುಮನೆಯಲ್ಲಿ ಕೂಗಾಟ ಶುರುವಾಯಿತು. ಕಂಪ್ಯೂಟರು ತಬ್ಬಿಕೊಂಡ ಬಾಡಿಗೆ ಆಫೀಸಿನ ಹುಡುಗರು ಜಗಲಿಗೆ ಓಡಿಬಂದರು. ಅವರ ಹಿಂದೆಯೇ ಪಂಚೆ ಎತ್ತಿ ಹಿಡಿದ ಮೇಷ್ಟ್ರು ಬೀದಿ ದಾಟಿ, ಹಿತ್ತಾಳೆ ಬೋರ್ಡಿನ ಕೆಳಗೆ ನೆನೆದು ತೊಪ್ಪೆಯಾಗಿ ಬಂದು ನಿಂತರು.

"ಶೋಭಿತಾ, ಬೇಗ ಬಾಮ್ಮಾ! ಗಾಜಿನಿಂದ ದಬದಬ ಸುರೀತಿದೆ! ಜಯಂತನ ಕೈಲಿ ಆಗ್ತಿಲ್ಲ. ಒಳಗೆ ಬರ್ಲಾ?"

ಶೋಭಿತಾ ಪೆನ್ನಿಗೆ ಕ್ಯಾಪು ಹಾಕಿದಳು. ಅವಸರವೇನೂ ಮಾಡಲಿಲ್ಲ.

"ಬತ್ತೀನಿ ಸಾ, ಬರ್ದೆ ಏನು. ಒಳಿಕ್ ಬರಕ್ ಮುಂಚೆ ಒಂದ್ ಮಾತು. ಕೇಳೋದೇ ಮರ್ತಿದ್ದೆ," ಎಂದಳು. "ನಿಮ್ಮ ಮನೆದೇವ್ರು ಯಾವ್ದು?"

ಒಳಗೆ ಅನಸೂಯಮ್ಮ ಮಿಶಿನ್ನು ಆಫ್ ಮಾಡಿದಳು. ಉತ್ತರ ಅವಳಿಗೂ ಕೇಳಬೇಕಿತ್ತು.