ಅತ್ತೆ ನೀರೆರೆದ ಪೈನ್ ಗಿಡ

ಹಿರೀಸಾವೆಯ ನಮ್ಮ ಮನೆ ಮುಂದೆ ಪೈನ್ ಗಿಡ ನೆಟ್ಟವಳು ನಾನೇ. ಚನ್ನರಾಯಪಟ್ಟಣದ ನರ್ಸರಿಯವನು, "ಬೇರು ಹಿಡಿದ ಮ್ಯಾಲೆ ವಾರಕ್ಕೊಂದ್ಸಲ ನೀರು ಸಾಕು ಕಣಕ್ಕ. ಎಂಥ ಬರ ಬಂದ್ರೂ ತಡೀತದೆ, ಬುಡದಲ್ಲಿ ನೀರು ನಿಂತ್ರೆ ಮಾತ್ರ ತಡೆಯಾಕಿಲ್ಲ," ಅಂದಿದ್ದ. ಎರಡು ಬೇಸಿಗೆ ದಾಟಿ ಅದು ನನ್ನ ಭುಜದೆತ್ತರ ಬೆಳೆಯಿತು.

ಅಷ್ಟರಲ್ಲಿ ನಮ್ಮತ್ತೆಗೆ ಮರೆವಿನ ಕಾಯಿಲೆ ಶುರುವಾಯಿತು. ಬೆಳಗ್ಗೆ ಗಿಡಕ್ಕೆ ಒಂದು ಬಿಂದಿಗೆ ನೀರು ಸುರಿದು ಒಳಗೆ ಬರುತ್ತಿದ್ದರು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದನ್ನು ಮರೆತು ಮತ್ತೆ ಬಿಂದಿಗೆ ಎತ್ತುತ್ತಿದ್ದರು. "ಆಗಲೇ ಹಾಕಿದ್ರಿ ಅತ್ತೆ," ಅಂದರೆ, "ಸುಳ್ಳೇಳ್ಬ್ಯಾಡ ಕಣವ್ವ, ನೋಡು ಎಂಗೆ ಒಣಗೈತೆ," ಅನ್ನುತ್ತಿದ್ದರು. ಗಿಡದ ಬುಡ ಸದಾ ಕೆಸರು. ಸೂಜಿಯಂಥ ಎಲೆಗಳು ತುದಿಯಿಂದ ಕಂದುತ್ತಾ ಬಂದವು. ಅದನ್ನು ಕಂಡಷ್ಟೂ ಅವರು ಇನ್ನಷ್ಟು ನೀರು ಸುರಿದರು.

ನಾನು ಬಿಂದಿಗೆ ಬಚ್ಚಿಟ್ಟೆ, ನಲ್ಲಿಯ ತಿರುಪು ಕಳಚಿಟ್ಟೆ. ಒಂದು ಮಧ್ಯಾಹ್ನ ಅವರು ತಮ್ಮ ಕುಡಿಯುವ ನೀರಿನ ಲೋಟ ಹಿಡಿದು, ಅರ್ಧ ನೀರು ಸೀರೆ ಮೇಲೆ ಚೆಲ್ಲಿಕೊಂಡು, ಗಿಡದ ಹತ್ತಿರ ಅಳುತ್ತಾ ನಿಂತಿದ್ದರು. "ಒಂದು ತೊಟ್ಟು ನೀರಿಗೂ ಬೀಗ ಆಕವ್ಳೆ," ಅಂತ ಗಿಡಕ್ಕೇ ಹೇಳುತ್ತಿದ್ದರು. ನಾನು ಒಳಗೆ ಹೋಗಿ ಬಿಂದಿಗೆ ತಂದುಕೊಟ್ಟೆ. ಗಿಡ ಸಾಯುತ್ತದೆಂದು ಗೊತ್ತಿತ್ತು. ಬೇರೇನು ಮಾಡಬೇಕೋ ಗೊತ್ತಿರಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ನಾನೂ ನನ್ನ ಗಂಡನೂ ಅದನ್ನು ಕಿತ್ತೆವು. ಬೇರುಗಳೆಲ್ಲ ಕೊಳೆತು ನಾರುತ್ತಿದ್ದವು. "ನೀರು ಕಾಣ್ದೆ ಒಣಗೋಯ್ತು ಪಾಪ," ಅಂದರು ಅತ್ತೆ. ನಾನು ಹೌದು ಅಂದೆ.