ಏಳು ಹನಿ ನೀಲಿ

ಬೀರು ಹೊಸ ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆಯಾಗಿತ್ತು. ಒಳಗೂ ಬರಲೊಲ್ಲದು, ಹೊರಗೂ ಹೋಗಲೊಲ್ಲದು. ಸಾಮಾನು ಸಾಗಿಸುವ ಇಬ್ಬರು ಹೊರಗಿನಿಂದ ತಳ್ಳುತ್ತಿದ್ದರು, ಗಂಡ ಒಳಗಿನಿಂದ ಎಳೆಯುತ್ತಿದ್ದ, ನಾಲ್ಕು ವರ್ಷದ ಗುಬ್ಬಿ ಬಿಚ್ಚಿಟ್ಟ ಮಂಚದ ಹಲಗೆಯ ಮೇಲೆ ನಿಂತು "ಇನ್ನೂ ಜೋರಾಗಿ!" ಎಂದು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು.

"ಕಾಲು ಬಿಚ್ಚಿದ್ರೆ ಬರುತ್ತೆ," ಅಂದರು ಮೇಸ್ತ್ರಿ, ಕಿಟಕಿ ಕಟ್ಟೆಯ ಮೇಲೆ ಕೂತು.

"ಯಾರ ಕಾಲು ಮಾವ?" ಗಂಡ ಬೆವರು ಒರೆಸಿಕೊಂಡ.

"ಸದ್ಯಕ್ಕೆ ಬೀರುವಿನದು."

ಎಲ್ಲರೂ ನಕ್ಕರು. ಮೇಸ್ತ್ರಿಯ ಮಗಳು, ಗುಬ್ಬಿಯ ಅಮ್ಮ, ತಾನೂ ನಗುತ್ತಲೇ ಮಲಗುವ ಕೋಣೆಯ ಕಡೆ ತಿರುಗಿದಳು. ಬೆಳಗಿನ ಬಿಸಿಲು ಅಲ್ಲಿ ಗೋಡೆಗೆ ನೇರವಾಗಿ ಬಿದ್ದಿತ್ತು. ಅವಳ ನಗು ಅಲ್ಲಿಗೇ ನಿಂತಿತು.

ಗೋಡೆಯಲ್ಲಿ ಎರಡು ಬಿಳಿ ಇತ್ತು.

ಸೂರಿನಿಂದ ನೆಲದವರೆಗೆ, ದಾರ ಹಿಡಿದು ಎಳೆದ ಹಾಗೆ ಒಂದು ಗೆರೆ. ಗೆರೆಯ ಎಡಕ್ಕೆ ನೀರು ಬೆರೆಸಿದ ಹಾಲಿನ ಬಣ್ಣ. ಬಲಕ್ಕೆ ಅದಕ್ಕಿಂತ ತುಸು ಹೆಚ್ಚು ನೀಲಿ. ಮೊದಲ ಬಕೆಟ್ಟು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಎಂದು ಕುರುಡರೂ ಹೇಳಬಹುದಿತ್ತು. ಆ ಮಾತು ಮನಸ್ಸಿಗೆ ಬಂದ ಕೂಡಲೇ ಅವಳು ಅದನ್ನು ನುಂಗಿಕೊಂಡಳು. ಈ ಗೋಡೆ ಬಳಿದವರು ಅವಳ ಅಪ್ಪ.

ಅಪ್ಪನನ್ನು ಊರೆಲ್ಲ ಕರೆಯುವುದು ಹಾಲುಗೋಡೆ ಮೇಸ್ತ್ರಿ ಎಂದು. ಬಣ್ಣ ಬಳಿಯುವವರು ಬೀದಿಗೊಬ್ಬರಿದ್ದಾರೆ, ಬಿಳಿ ಬಳಿಯುವವರು ಇವರೊಬ್ಬರೇ ಎಂದು ಮನೆ ಕಟ್ಟಿಸುವವರು ಹೇಳುತ್ತಿದ್ದರು. ಡಬ್ಬಿಯಿಂದ ಹಾಗೆಯೇ ತೆಗೆದು ಬಳಿದರೆ ಬಿಳಿ ನಾಲ್ಕು ತಿಂಗಳಲ್ಲಿ ಹಳದಿಗೆ ತಿರುಗಿದ ಹಾಗೆ ಕಾಣುತ್ತದೆ. ಅದಕ್ಕೇ ಅವರು ಬಕೆಟ್ಟಿಗೆ ಏಳು ಹನಿ ನೀಲಿ ಬಿಡುತ್ತಿದ್ದರು. ಆರಾದರೆ ಕಮ್ಮಿ, ಎಂಟಾದರೆ ಗೋಡೆಗೆ ಚಳಿ. ಕತ್ತಲೆ ಕೋಣೆಯಾದರೆ ನೀಲಿ ಬಿಡುವಂತಿಲ್ಲ, ಬದಲಿಗೆ ಚಿಟಿಕೆ ಕಾವಿ. ಯಾವ ಪುಸ್ತಕದಲ್ಲೂ ಇಲ್ಲದ ಲೆಕ್ಕ ಇದು. ಅಮ್ಮ ತೀರಿಕೊಂಡ ಮೇಲೆ ಮಗಳನ್ನು ಬಿಡಲು ಯಾರೂ ಇರಲಿಲ್ಲವಾಗಿ ಅಪ್ಪ ಅವಳನ್ನು ಕೆಲಸದ ಮನೆಗಳಿಗೇ ಕರೆದೊಯ್ಯುತ್ತಿದ್ದರು. ಅವಳು ಅಂಕಿ ಕಲಿತದ್ದು ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹನಿ ಎಣಿಸಿ. ಶಾಲೆಗೆ ಸೇರಿದಾಗ ಏಳರವರೆಗೆ ಗಡಗಡ ಹೇಳಿ ನಿಲ್ಲಿಸಿಬಿಟ್ಟಿದ್ದಳಂತೆ. ಮುಂದೆ ಹೇಳಮ್ಮಾ ಅಂದರೆ, "ಸಾಕು, ಇಲ್ಲಾಂದ್ರೆ ಚಳಿಯಾಗುತ್ತೆ" ಎಂದಿದ್ದಳಂತೆ.

ಕಾಲು ಕಳಚಿದ ಬೀರು ಕೊನೆಗೂ ಒಳಬಂತು. ಗಂಡ ಅದರ ಹಿಂದೆಯೇ ಕೋಣೆಗೆ ಬಂದವನು ಗೋಡೆ ನೋಡಿ ಹೆಂಡತಿಯ ಮುಖ ನೋಡಿದ.

"ಏನಿದು, ಗೋಡೆಗೆ ನೆಗಡಿಯಾದ ಹಾಗಿದೆ?"

"ಮೆಲ್ಲಗೆ ರೀ. ಅಪ್ಪ ಹೊರಗಿದ್ದಾರೆ."

"ಅವರಿಗೆ ಕಾಣಲಿಲ್ವಾ?"

ಅವಳು ಗೆರೆಯ ಮೇಲೆ ಬೆರಳು ಎಳೆದಳು.

"ಹೋಗಲಿ ಬಿಡು. ಬೀರು ಇಲ್ಲೇ ಅಡ್ಡ ಇಡೋಣ. ಗೆರೆ ಮುಚ್ಚಿಹೋಗುತ್ತೆ. ಯಾರಿಗೂ ಬೇಜಾರಿಲ್ಲ."

ಕಿಟಕಿಯ ಎದುರು ಮಂಚ, ಮೂಲೆಯಲ್ಲಿ ಗುಬ್ಬಿಯ ಪುಸ್ತಕದ ಹಲಗೆ, ಬಾಗಿಲ ಹಿಂದೆ ಬೀರು ಎಂದು ಅವಳು ವಾರದಿಂದ ಕಾಗದದ ಮೇಲೆ ಮನೆ ಜೋಡಿಸಿಕೊಂಡಿದ್ದಳು. ಬೀರುವನ್ನು ಗೋಡೆಯ ನಡುವೆ ತಂದಿಟ್ಟಾಗ ಕೋಣೆ ಅರ್ಧಕ್ಕರ್ಧ ಚಿಕ್ಕದಾಯಿತು. ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತು, ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿ ನೋಡಿದರು. ಈಚೆಗೆ ಅವರು ಹಾಗೆಯೇ ನೋಡುತ್ತಿದ್ದರು, ಹಕ್ಕಿ ಕಾಳು ನೋಡಿದ ಹಾಗೆ.

"ಬೀರು ಯಾರಾದ್ರೂ ನಟ್ಟನಡುವೆ ಇಡ್ತಾರಾ? ಅಷ್ಟು ಚೆಂದದ ಗೋಡೆ ಮುಚ್ಚಿಹಾಕಿದ್ರಲ್ಲ!"

"ಇರಲಿ ಅಪ್ಪಾ, ಆಮೇಲೆ ಸರಿಸ್ತೀವಿ."

"ಸೋಮವಾರದಿಂದ ನನಗೆ ಬಿಡುವಿರಲ್ಲ. ಹೆರಿಗೆ ಆಸ್ಪತ್ರೆ ಕೆಲಸ. ಹುಟ್ಟಿದ ಕೂಸುಗಳನ್ನ ಇಡೋ ಕೋಣೆ. ನರ್ಸಮ್ಮ ಖುದ್ದು ಹೇಳಿಕಳಿಸಿದ್ದಾರೆ, ಹಾಲುಗೋಡೆಯೇ ಬರಬೇಕು ಅಂತ."

ಅಪ್ಪನ ಮುಖ ಅರಳಿತ್ತು. ಆ ಆಸ್ಪತ್ರೆಯಲ್ಲೇ ಗುಬ್ಬಿ ಹುಟ್ಟಿದ್ದು. ಮೂರನೆಯ ದಿನ ಆ ಹಿರಿಯ ನರ್ಸಮ್ಮ ಕೂಸನ್ನು ಎತ್ತಿ ಕಿಟಕಿಯ ಬಳಿ, ಬಿಳಿ ಗೋಡೆಗೆ ಹಿಡಿದು ನೋಡಿ, "ಹಳದಿ ಕಾಮಾಲೆ ಶುರುವಾಗಿದೆ, ಡಾಕ್ಟರನ್ನ ಕರೀರಿ" ಎಂದಿದ್ದರು. "ನಾವು ಕೂಸಿನ ಮೈಬಣ್ಣ ಮೊದಲು ನೋಡೋದು ಗೋಡೆ ಪಕ್ಕ ಹಿಡಿದೇ ಕಣಮ್ಮಾ. ಗೋಡೆ ಸುಳ್ಳು ಹೇಳಿದ್ರೆ ನಾವೂ ಮೋಸ ಹೋಗ್ತೀವಿ," ಎಂದೂ ಹೇಳಿದ್ದರು. ಆಗ ಅದು ಅವಳ ಕಿವಿಗೆ ಬಿದ್ದು ಹೋದ ಮಾತು. ಈಗ ಅದೇ ಮಾತು ಎದುರಿಗೆ ಬಂದು ಕೂತಿತ್ತು.

ಭಾನುವಾರ ಬೆಳಿಗ್ಗೆ, ಇನ್ನೂ ಬಿಚ್ಚದ ಪೆಟ್ಟಿಗೆಗಳನ್ನು ಗಂಡನಿಗೆ ಒಪ್ಪಿಸಿ, ಅವಳು ಏಣಿ ಚಿಕ್ಕಪ್ಪನ ಮನೆಗೆ ಹೋದಳು. ಸ್ವಂತ ಚಿಕ್ಕಪ್ಪನಲ್ಲ. ಇಪ್ಪತ್ತೆಂಟು ವರ್ಷ ಅಪ್ಪನ ಜೊತೆ ಕೆಲಸ ಮಾಡಿದ ಉದ್ದನೆಯ ಮನುಷ್ಯ, ಸೂರಿಗೆ ಬಳಿಯಲು ಏಣಿಯೇ ಬೇಡದವನು. ತಿಂಗಳಿಂದ ಸೊಂಟ ಹಿಡಿದುಕೊಂಡು ಹಾಸಿಗೆಯಲ್ಲಿದ್ದ. ಅವಳ ಮನೆಗೆ ಅಪ್ಪ ಒಬ್ಬರೇ ಬಣ್ಣ ಬಳಿದದ್ದು ಅದಕ್ಕೇ.

ಗೋಡೆಯ ವಿಷಯ ಹೇಳುತ್ತಿದ್ದಂತೆ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡ.

"ಗೊತ್ತಾಗಿಹೋಯ್ತಾ ಮಗಳೇ?"

"ಏನು ಗೊತ್ತಾಗಬೇಕಿತ್ತು ಚಿಕ್ಕಪ್ಪಾ?"

"ಎರಡು ವರ್ಷ ಆಯ್ತು. ನಿಮ್ಮಪ್ಪನಿಗೆ ಬಿಳಿ ಹಳದಿಯಾಗಿ ಕಾಣುತ್ತೆ. ಕಣ್ಣಿಗೆ ಪೊರೆ ಬಂದಿರಬೇಕು. ಹಳದಿ ಕಂಡ ಕೂಡಲೇ ಇನ್ನೊಂದು ಹನಿ, ಮತ್ತೊಂದು ಹನಿ. ನಾನು ಟೀ ನೆಪ ಹೇಳಿ ಅವನನ್ನ ಅಂಗಡಿಗೆ ಕಳಿಸ್ತಿದ್ದೆ. ಅವನು ಬರೋದ್ರೊಳಗೆ ಅರ್ಧ ಬಕೆಟ್ ತೆಗೆದು ಬೇರೆ ಬಿಳಿ ಸುರಿದು ಸರಿಮಾಡ್ತಿದ್ದೆ."

"ನಮಗಾದ್ರೂ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಹಾಲುಗೋಡೆಗೆ ಹಾಲು ಕಾಣ್ತಿಲ್ಲ ಅಂತಲಾ?" ಮಗ್ಗುಲಾಗಲು ಹೋಗಿ ನರಳಿದ. "ಅವನು ನನಗೆ ಬ್ರಶ್ಶು ಹಿಡಿಯೋದು ಕಲಿಸಿದವನು. ಅವನ ಬಾಯಿಂದ ತುತ್ತು ಕಿತ್ತುಕೊಳ್ಳೋ ಕೈ ನನ್ನದಾಗೋದು ಬೇಡ ಅಂದ್ಕೊಂಡೆ. ಆದ್ರೆ ಅಷ್ಟು ಟೀ ಕುಡಿಸಿ ಅವನಿಗೆ ಹೊಟ್ಟೆ ಉರಿ ಮಾತ್ರ ಬರಿಸಿದೆ."

ಅವಳಿಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ತನ್ನ ಮನೆಯ ಬೀರುವೇ ಕಣ್ಮುಂದೆ ಬಂತು. ಚಿಕ್ಕಪ್ಪ ಮಾಡಿದ್ದೂ ಅದನ್ನೇ, ಗಂಡ ಮಾಡಿದ್ದೂ ಅದನ್ನೇ. ಒಬ್ಬೊಬ್ಬರೂ ಪ್ರೀತಿಯಿಂದ ಒಂದೊಂದು ಬೀರು ತಂದು ಅಡ್ಡ ಇಟ್ಟಿದ್ದರು. ನಾಳೆ ಆ ಆಸ್ಪತ್ರೆಯಲ್ಲಿ ಅಡ್ಡ ಇಡಲು ಯಾರೂ ಇರುವುದಿಲ್ಲ.

ಮಧ್ಯಾಹ್ನ ಅಪ್ಪ ಊಟಕ್ಕೆ ಬರುವ ಹೊತ್ತಿಗೆ ಅವಳು ಗಂಡನಿಂದ ಬೀರುವನ್ನು ಬಾಗಿಲ ಹಿಂದೆ ಸರಿಸಿದ್ದಳು. "ನಿನ್ನೆ ಹೇಳಿದ್ರೆ ನಿನ್ನೆಯೇ ಇಡ್ತಿದ್ನಲ್ಲೇ," ಎಂದು ಗೊಣಗಿದ ಗಂಡ, ಅವಳ ಮುಖ ನೋಡಿ ಗುಬ್ಬಿಯನ್ನು ಎತ್ತಿಕೊಂಡು ಹೊರಗೆ ಹೋದ.

ಊಟವಾದ ಮೇಲೆ ಅವಳು ಒಂದು ಬಿಸ್ಕತ್ತಿನ ಡಬ್ಬಿ ತಂದು ಕಿಟಕಿ ಕಟ್ಟೆಯ ಮೇಲಿಟ್ಟಳು. ಅಪ್ಪನದೇ ಡಬ್ಬಿ, ಮನೆ ಬದಲಿಸಿದಾಗಲೆಲ್ಲ ಅವಳ ಸಾಮಾನಿನ ಜೊತೆಗೇ ಬರುತ್ತಿತ್ತು; ಹೊಸ ರಟ್ಟುಗಳನ್ನು ಅಪ್ಪ ಬಂದಾಗಲೆಲ್ಲ ಅದಕ್ಕೇ ಹಾಕುತ್ತಿದ್ದರು. ಬಣ್ಣ ಕಲಸಿದ ಕೂಡಲೇ ಅಂಗೈಯಗಲದ ರಟ್ಟಿಗೆ ಒಂದು ಬಾರಿ ಬಳಿದು, ಒಣಗಿಸಿ, ಹಿಂದೆ ಯಾವ ಮನೆ, ಯಾವ ವರ್ಷ ಎಂದು ಬರೆದಿಡುವುದು ಅಪ್ಪನ ಪದ್ಧತಿ. ಮುಂದೆಂದಾದರೂ ಗೋಡೆ ಕಿತ್ತರೆ ಅದೇ ಬಿಳಿ ಕಲಸಬೇಕಲ್ಲ. ಬೆಳಿಗ್ಗೆ ಚಿಕ್ಕಪ್ಪನ ಮನೆಯಿಂದ ಬಂದವಳೇ ಅವನ್ನು ವರ್ಷದ ಪ್ರಕಾರ ಸಾಲಾಗಿ ಹರಡಿ ನೋಡಿದ್ದಳು. ಗೋಡೆಗಳನ್ನು ಚಿಕ್ಕಪ್ಪ ತಿದ್ದಿದ್ದ, ರಟ್ಟುಗಳನ್ನು ಯಾರೂ ತಿದ್ದಿರಲಿಲ್ಲ. ಹದಿನೈದು ವರ್ಷ ಒಂದೇ ಬಿಳಿ. ಆಮೇಲೆ ಒಂದೊಂದೇ ರಟ್ಟು, ಸಂಜೆಯಾಗುವ ಹಾಗೆ, ನೀಲಿಗೆ ಇಳಿಯುತ್ತಾ ಹೋಗಿತ್ತು.

ಈಗ ಅವಳು ಹಳೆಯದೊಂದು, ಹೊಸದೊಂದು, ಎರಡೇ ರಟ್ಟು ತೆಗೆದು ಅಪ್ಪನ ಕೈಗಿಟ್ಟಳು.

"ಅಪ್ಪಾ, ಇದರಲ್ಲಿ ಈ ಕೋಣೆಯ ಬಿಳಿ ಯಾವುದು?"

"ಇದೇನು ಪರೀಕ್ಷೆಯಾ?"

"ಹೇಳು ಅಪ್ಪಾ."

ಮೇಸ್ತ್ರಿ ರಟ್ಟುಗಳನ್ನು ಬಿಸಿಲಿಗೆ ಹಿಡಿದರು. ತಲೆ ವಾಲಿಸಿದರು. ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಎರಡನ್ನೂ ಕಟ್ಟೆಯ ಮೇಲೆ ಬೀಸಿ ಒಗೆದರು.

"ನನಗೆ ಬಿಳಿ ಕಲಿಸೋಕೆ ಬಂದ್ಯಾ? ನನ್ನ ಬಕೆಟ್ ಪಕ್ಕ ಕೂತು ಬೆಳೆದವಳು ನೀನು! ಆ ಉದ್ದನೆಯವನು ಏನಾದ್ರೂ ಕಿವಿ ಊದಿದ್ನಾ?"

"ಚಿಕ್ಕಪ್ಪನ್ನ ಬಿಡು. ಗೋಡೆ ನೋಡು."

ಬೀರುವಿಲ್ಲದ ಗೋಡೆ ಬಟ್ಟಬಯಲಾಗಿ ನಿಂತಿತ್ತು. ಅಪ್ಪ ನೋಡಿದರು. ಎದ್ದುಹೋಗುತ್ತಾರೆ ಎಂದುಕೊಂಡಳು. ಅವರು ಎದ್ದರು, ಆದರೆ ಗೋಡೆಯ ಹತ್ತಿರ ಹೋಗಿ, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡರು. ಆಮೇಲೆ ಎಡಗಣ್ಣು. ಮತ್ತೆ ಬಲಗಣ್ಣು. ಎಷ್ಟೋ ಸಲ ಮಾಡಿ ರೂಢಿಯಾದ ಕೈ ಅದು ಎಂದು ಅವಳಿಗೆ ಥಟ್ಟನೆ ಹೊಳೆಯಿತು.

"ನಿನಗೆ ಗೊತ್ತಿತ್ತಾ ಅಪ್ಪಾ?"

ಅವರು ಗೋಡೆಗೇ ಹೇಳಿದರು. "ಎಡಗಣ್ಣಿಗೆ ಒಂದು ಬಿಳಿ, ಬಲಗಣ್ಣಿಗೆ ಇನ್ನೊಂದು ಬಿಳಿ. ಯಾವುದು ನಿಜ ಅಂತ ಯಾರನ್ನ ಕೇಳ್ಲಿ? ಕೇಳಿದ್ರೆ ಕೇಳಿದ ದಿನಾನೇ ನಾನು ಮುಗಿದೆ. ಎರಡರ ಮಧ್ಯೆ ಅಂದಾಜು ಹಿಡಿದು ಬಿಡ್ತಿದ್ದೆ. ಜನ ಚೆನ್ನಾಗಿದೆ ಅಂತಿದ್ರು. ಸರಿ, ನನ್ನ ಅಂದಾಜು ಇನ್ನೂ ಸತ್ತಿಲ್ಲ ಅಂದ್ಕೊಂಡಿದ್ದೆ."

ಆ ಅಂದಾಜನ್ನು ಯಾರು ಕಾಪಾಡುತ್ತಿದ್ದರು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ. ಅಪ್ಪ ಗೆರೆಯ ಮೇಲೆ ಬೆರಳಿಟ್ಟು, "ಅಷ್ಟೊಂದು ಟೀ ಯಾಕೆ ಕುಡಿಸ್ತಿದ್ದ ಅಂತ ಈಗ ಗೊತ್ತಾಯ್ತು," ಎಂದು ಕೂತುಬಿಟ್ಟರು.

"ಪೊರೆ ತೆಗೆಸಿದ್ರೆ ಸರಿಹೋಗುತ್ತೆ ಅಪ್ಪಾ. ಎಷ್ಟು ಜನ ತೆಗೆಸ್ಕೊಂಡಿಲ್ಲ?"

"ಅವರಿಗೆಲ್ಲ ಪೇಪರ್ ಓದಕ್ಕೆ ಕಣ್ಣು ಸಾಕು. ನನಗೆ ಬಿಳಿ ಬೇಕು. ತೆಗೆದ ಮೇಲೆ ಅದೇ ಬಿಳಿ ಬರುತ್ತೆ ಅಂತ ಯಾರು ಬರೆದುಕೊಡ್ತಾರೆ?"

ಸಮಾಧಾನಕ್ಕೆಂದು ಸುಳ್ಳು ಹೇಳಬಹುದಿತ್ತು, ಸುಳ್ಳು ಸಾಕಾಗಿತ್ತು.

"ಗೊತ್ತಿಲ್ಲ ಅಪ್ಪಾ. ಆದ್ರೆ ನಾಳೆಯದು ಕೂಸುಗಳ ಕೋಣೆ. ಗುಬ್ಬಿಯನ್ನ ನರ್ಸಮ್ಮ ಗೋಡೆಗೆ ಹಿಡಿದು ನೋಡಿದ್ದು ನೆನಪಿದೆಯಾ? ಆ ಗೋಡೆ ನೀನೇ ಬಳಿದಿದ್ದು."

ಅಪ್ಪ ತಾವೇ ಒಗೆದ ರಟ್ಟುಗಳನ್ನು ಎತ್ತಿ ಡಬ್ಬಿಗೆ ಹಾಕಿದರು. ಸಂಜೆ ಗುಬ್ಬಿ ಬಂದು ಮಡಿಲಲ್ಲಿ ಕೂತು, "ತಾತಾ, ಈ ಗೋಡೆಗೆ ಎರಡು ಫ್ರಾಕು ಹಾಕಿದ್ದೀಯಾ?" ಎಂದಾಗ ಅವಳ ತಲೆ ಸವರಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಬೆಳಿಗ್ಗೆ ಎಂಟಕ್ಕೆ," ಅಂದರು. ಅಷ್ಟೇ.

ಸೋಮವಾರ ಎಂಟಕ್ಕೆ ಅವಳು ಹೋದಳು. ಅಪ್ಪ ಆಗಲೇ ಕೂಸುಗಳ ಕೋಣೆಯಲ್ಲಿ ಗೋಡೆ ನುಣುಪಾಗಲು ಉಪ್ಪುಕಾಗದ ಉಜ್ಜಿ ಮುಗಿಸಿದ್ದರು. ಖಾಲಿ ತೊಟ್ಟಿಲುಗಳು ಹೊರಗೆ ಸಾಲಾಗಿ ನಿಂತಿದ್ದವು. ನರ್ಸಮ್ಮ ಬಂದು, "ಏನು ಮೇಸ್ತ್ರಿ, ಈ ಸಲ ಮಗಳ ಪಹರೆಯಾ?" ಎಂದರು.

"ಪಹರೆಯಲ್ಲ ತಾಯೀ. ಇವತ್ತು ಕೈ ನನ್ನದು, ಕಣ್ಣು ಇವಳದು." ಅಪ್ಪ ಕ್ಷಣ ತಡೆದರು. "ನನ್ನ ಕಣ್ಣಿಗೆ ಪೊರೆ ಬಂದಿದೆ. ಬೇಡ ಅಂತೀರಾದ್ರೆ ಈಗಲೇ ಹೇಳಿ, ಬೇಜಾರಿಲ್ಲ."

ನರ್ಸಮ್ಮ ಅವರನ್ನೂ ಅವಳನ್ನೂ ಒಮ್ಮೆ ನೋಡಿದರು. "ಮೊದಲ ಗೋಡೆ ಒಣಗಲಿ. ನಾನೇ ಬಂದು ನೋಡ್ತೀನಿ. ಸರಿ ಇದ್ರೆ ಮುಂದಕ್ಕೆ, ಇಲ್ಲಾಂದ್ರೆ ಇಲ್ಲ," ಅಂದರು. ಬಾಗಿಲಲ್ಲಿ ತಿರುಗಿ, "ಕಣ್ಣಿನ ಡಾಕ್ಟರು ಗುರುವಾರ ಕೂರ್ತಾರೆ. ಚೀಟಿಗೆ ನಿಮ್ಮ ಹೆಸರು ಬರೆಸ್ತೀನಿ. ತಪ್ಪಿಸ್ಕೊಂಡ್ರೆ ಈ ಆಸ್ಪತ್ರೆ ಮೆಟ್ಟಿಲು ಹತ್ತಬೇಡಿ," ಎಂದೂ ಸೇರಿಸಿದರು.

ಅಪ್ಪ ಬಕೆಟ್ಟಿನ ಮುಂದೆ ಕೂತು ನೀಲಿಯ ಸೀಸೆಯನ್ನು ಮಗಳ ಕಡೆ ಚಾಚಿದರು. ಅವಳು ಕುಕ್ಕರಗಾಲಲ್ಲಿ ಕೂತಳು. ಇಪ್ಪತ್ತು ವರ್ಷದ ಮೇಲೆ ಮಂಡಿ ಕಟಕ್ಕೆಂದಿತು.

ಒಂದು. ಎರಡು. ಮೂರು. ಅಪ್ಪ ಕೋಲಿನಿಂದ ತಿರುವುತ್ತಿದ್ದರು, ಎರಡೂ ಕಣ್ಣು ಮುಚ್ಚಿ. ನಾಲ್ಕು. ಐದು. ಆರು. ಏಳು.

"ಸಾಕಾ?" ಕೇಳಿದರು ಅಪ್ಪ.

"ಸಾಕು."

ರಟ್ಟಿಗೆ ಬಳಿದು ಕಿಟಕಿಯಲ್ಲಿ ಒಣಗಲು ಇಟ್ಟರು. ಒಣಗಿದ ಮೇಲೆ ಅವಳು ಸೆರಗಿನಲ್ಲಿ ಕಟ್ಟಿ ತಂದಿದ್ದ, ಗುಬ್ಬಿ ಹುಟ್ಟುವ ಮುಂಚಿನ ಹಳೆಯ ರಟ್ಟನ್ನು ಪಕ್ಕಕ್ಕೆ ಹಿಡಿದಳು. ಅಪ್ಪ ಬಂದು ನಿಂತು, ಬಲಗಣ್ಣು ಮುಚ್ಚಿ ನೋಡಿದರು, ಎಡಗಣ್ಣು ಮುಚ್ಚಿ ನೋಡಿದರು.

"ಹಳದಿ ಕಾಣ್ತಿದೆ," ಅಂದರು, ಮಗುವಿನ ಹಾಗೆ. "ಇನ್ನೊಂದು ಹನಿ ಬೇಕು ಅನ್ನಿಸುತ್ತೆ ಕಣೇ. ಒಂದೇ ಒಂದು."

"ಬೇಡ ಅಪ್ಪಾ."

"ಬಿಳಿಯೇನಾ?"

"ಬಿಳಿಯೇ."

ಅವರು ಮತ್ತೆ ರಟ್ಟು ನೋಡಲಿಲ್ಲ. ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬ್ರಶ್ಶನ್ನು ಬಕೆಟ್ಟಿಗೆ ಅದ್ದಿ, ಅಂಚಿಗೆ ಒರೆಸಿ, ತಮಗೆ ಹಳದಿಯಾಗಿ ಕಾಣುತ್ತಿದ್ದ ಬಣ್ಣವನ್ನು ಗೋಡೆಗೆ ಬಳಿಯತೊಡಗಿದರು.